ರಾತ್ರಿಯ ಜೋಮು, ಕೆಡುವ ನಿದ್ರೆ: ಎಂಎಸ್ ಇರುವವರು ಕಾರಣ ಪತ್ತೆಹಚ್ಚುವ ಬಗೆ

ನನಗೆ ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ, ಇದೆಯೆಂದು ತಿಳಿದು 11 ವರ್ಷಗಳಾದವು. ಮೂರು ವರ್ಷಗಳ ಹಿಂದೆ ಮಳೆಗಾಲ ಹಿಡಿದ ಹೊತ್ತಿನಿಂದ ದಿನವೂ ರಾತ್ರಿ ಎರಡೂವರೆ ಮೂರರ ಸುಮಾರಿಗೆ ಬಲಗೈ ಮರಗಟ್ಟಿ ಎಚ್ಚರವಾಗತೊಡಗಿತು. ಎದ್ದು ಕುಳಿತು, ಒದ್ದೆ ಬಟ್ಟೆಯ ನೀರು ಕೊಡವುವಂತೆ ಕೈಯನ್ನು ನಾಲ್ಕಾರು ಸಲ ಕೊಡವಿದರೆ ಜೀವ ಬಂದಂತಾಗುತ್ತಿತ್ತು. ಮತ್ತೆ ಮಲಗಿದರೆ ಗಂಟೆಯೊಳಗೆ ಅದೇ ಪಾಡು. ಕಾಯಿಲೆ ಮುಂದುವರಿಯುತ್ತಿದೆ ಎಂದು ನಾನೂ ಮನೆಯವರೂ ನಂಬಿದೆವು. ನರನೋವಿನ ಮಾತ್ರೆಯ ಪ್ರಮಾಣ ಹೆಚ್ಚಾಯಿತು, ಬೆಳಿಗ್ಗೆ ಎದ್ದರೆ ಕಾಲು ತಡವರಿಸುವಂತಾಯಿತು, ಜೋಮು ಮಾತ್ರ ಹೋಗಲಿಲ್ಲ. ಎರಡು ತಿಂಗಳ ಮೇಲೆ ಫಿಸಿಯೋಥೆರಪಿಗೆ ಹೋದಾಗ ಅಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ, “ಯಾವ ಬೆರಳು?” ಎಂಬುದು. ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಕಿರುಬೆರಳಿಗೆ ಏನೂ ಆಗುತ್ತಿರಲಿಲ್ಲ. ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳು ಮಾತ್ರ ಜೋಮು ಹಿಡಿಯುತ್ತಿದ್ದವು. ಊರುಗೋಲು ಹಿಡಿದು ಹಿಡಿದು ದಣಿದ ಮಣಿಕಟ್ಟಿನಲ್ಲಿ ದೋಷವಿತ್ತು.

ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಮಿದುಳುಬಳ್ಳಿ (ಬೆನ್ನುಹುರಿ) ಮತ್ತು ಕಣ್ಣಿನ ನರಗಳಲ್ಲಿರುವ ಮಯಲಿನ್ ಎಂಬ ಪೊರೆಯನ್ನು ಹಾಳುಗೆಡವುತ್ತದೆ, ಹೀಗಾಗಿ ಜೋಮು ಅದರ ತೀರ ಸಾಮಾನ್ಯ ಲಕ್ಷಣಗಳಲ್ಲೊಂದು. ಆ ಕಾರಣದಿಂದಲೇ ರಾತ್ರಿ ಕಾಣುವ ಪ್ರತಿಯೊಂದು ತೊಂದರೆಯನ್ನೂ ಎಂಎಸ್‌ನ ಲೆಕ್ಕಕ್ಕೆ ಹಾಕಿಬಿಡುವ ಅಭ್ಯಾಸ ರೋಗಿಗಳಲ್ಲೂ ಕೆಲವೊಮ್ಮೆ ವೈದ್ಯರಲ್ಲೂ ಬೆಳೆದುಬಿಡುತ್ತದೆ. ಅಗ್ಗದ ಉಪಾಯದಿಂದ ಸರಿಹೋಗಬಹುದಾದ ಎಷ್ಟೋ ಕಾರಣಗಳು ಹೀಗೆ ಕಣ್ತಪ್ಪಿಹೋಗುತ್ತವೆ. ಯಾವ ಜಾಗ, ಯಾವ ಹೊತ್ತು, ಏನು ಮಾಡಿದರೆ ಕಡಿಮೆಯಾಗುತ್ತದೆ ಎಂಬ ಪ್ರಶ್ನೆಗಳನ್ನು ಹಿಡಿದು ಮುಂದಿನ ಭಾಗಗಳನ್ನು ಓದಬೇಕೆಂದು ಕೋರುತ್ತೇನೆ.

ಬೆಳಗಿನವರೆಗೆ ಕಾಯಬಾರದ ಲಕ್ಷಣಗಳು

ಮುಖ ಒಂದು ಬದಿಗೆ ಸೊಟ್ಟಗಾಗಿದ್ದರೆ, ಮಾತು ತೊದಲುತ್ತಿದ್ದರೆ, ಒಂದೇ ಪಾರ್ಶ್ವದ ಕೈಕಾಲು ಇದ್ದಕ್ಕಿದ್ದಂತೆ ಸೋತಿದ್ದರೆ ಅದನ್ನು ಪಾರ್ಶ್ವವಾಯು ಎಂದೇ ಭಾವಿಸಿ 108ಕ್ಕೆ ಕರೆ ಮಾಡಬೇಕು. ಎಂಎಸ್ ಇದ್ದವರಿಗೆ ಪಾರ್ಶ್ವವಾಯು ಬಾರದೆಂಬ ನಿಯಮವಿಲ್ಲ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗಿರುವುದರಿಂದ, ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಮನೆಯವರು ನೆನಪಿಟ್ಟು ಹೇಳಬೇಕು. ಎಡಗೈಯ ಜೋಮಿನೊಡನೆ ಎದೆ ಹಿಂಡಿದಂತಾಗಿ ಬೆವರು ಬಂದರೆ ಹೃದಯವನ್ನು ಸಂಶಯಿಸಬೇಕು.

ಸೈಕಲ್ ಸೀಟು ತಾಗುವ ಜಾಗದಲ್ಲಿ ಸ್ಪರ್ಶವೇ ತಿಳಿಯದಂತಾಗಿ ಮೂತ್ರ ಕಟ್ಟಿಕೊಂಡರೆ ಅಥವಾ ಅರಿವಿಲ್ಲದೆ ಹೋದರೆ, ಬೆನ್ನುಹುರಿಯ ಕೆಳತುದಿಯ ನರಗಳು ಒತ್ತಿಹೋಗಿರುವ ಸಾಧ್ಯತೆಯಿದೆ. ಇದು ತುರ್ತು ಶಸ್ತ್ರಚಿಕಿತ್ಸೆಯ ವಿಷಯ. ಕಾಲಿನ ಜೋಮು ಗಂಟೆಗಟ್ಟಲೆಯಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಮೇಲೇರುತ್ತ ನಡಿಗೆಯನ್ನೇ ಕಸಿದುಕೊಂಡರೆ, ನುಂಗುವುದು ಅಥವಾ ಉಸಿರಾಡುವುದು ಕಷ್ಟವಾದರೆ, ಬಿದ್ದು ಕುತ್ತಿಗೆಗೆ ಪೆಟ್ಟಾದ ಮೇಲೆ ಜೋಮು ಶುರುವಾದರೆ, ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಬೇಕು.

ಖರ್ಚಿಲ್ಲದ ಮೊದಲ ಪರೀಕ್ಷೆ

ಮೇಲಿನ ಯಾವುದೂ ಇಲ್ಲವೆಂದು ಖಚಿತವಾದ ಮೇಲೆ ಒಂದು ಬಿಳಿ ಹಾಳೆಯ ಮೇಲೆ ಎರಡೂ ಅಂಗೈಗಳನ್ನೂ ಅಂಗಾಲುಗಳನ್ನೂ ಇಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯಿರಿ. ಹಾಳೆಯನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು ಏಳು ರಾತ್ರಿ, ಎಚ್ಚರವಾದಾಗಲೆಲ್ಲ, ಜೋಮು ಹಿಡಿದ ಜಾಗವನ್ನು ಅದರಲ್ಲಿ ಗೀಚಿ ತುಂಬಿಸಿ. ಎಷ್ಟು ಗಂಟೆ, ಯಾವ ಮಗ್ಗುಲಲ್ಲಿ ಮಲಗಿದ್ದಿರಿ, ಎಷ್ಟು ನಿಮಿಷದಲ್ಲಿ ಹೋಯಿತು ಎಂದು ಪಕ್ಕದಲ್ಲೇ ಬರೆಯಿರಿ. ಬೆಳಿಗ್ಗೆ ನೆನಪಿನಿಂದ ಬರೆದರೆ “ಕೈ ಪೂರ್ತಿ” ಎಂದೇ ಬರೆಯುತ್ತೇವೆ. ಆ ಕ್ಷಣದಲ್ಲಿ ಬೆರಳನ್ನು ಮುಟ್ಟಿ ನೋಡಿದಾಗಲೇ ಗಡಿ ಎಲ್ಲಿದೆಯೆಂದು ತಿಳಿಯುತ್ತದೆ.

ಹೆಬ್ಬೆರಳಿನಿಂದ ಉಂಗುರ ಬೆರಳಿನವರೆಗೆ ಜೋಮು, ಕೈ ಕೊಡವಿದರೆ ಹಗುರ

ಮಣಿಕಟ್ಟಿನ ಒಳಬದಿಯ ಇಕ್ಕಟ್ಟಾದ ಹಾದಿಯಲ್ಲಿ ಮೀಡಿಯನ್ ನರ ಹಾದುಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗದ ಸ್ಪರ್ಶ ಅದರದು. ನಿದ್ರೆಯಲ್ಲಿ ನಮಗೆ ಗೊತ್ತಾಗದಂತೆ ಮಣಿಕಟ್ಟು ಮಡಚಿಕೊಂಡಾಗ ಆ ಹಾದಿ ಇನ್ನಷ್ಟು ಕಿರಿದಾಗುತ್ತದೆ. ಹೀಗಾಗಿ ಕಾರ್ಪಲ್ ಟನಲ್ ಎಂಬ ಈ ತೊಂದರೆ ರಾತ್ರಿಯಲ್ಲೇ ಹೆಚ್ಚು, ಮತ್ತು ಕೈ ಕೊಡವಿದರೆ ಕಡಿಮೆ. ಮಿದುಳಿನಲ್ಲಿರುವ ಎಂಎಸ್‌ನ ಗಾಯಕ್ಕೆ ಕೈ ಕೊಡವಿದರೇನು, ಬಿಟ್ಟರೇನು. ಅದು ಅಷ್ಟು ಬೇಗ ಬದಲಾಗುವುದಿಲ್ಲ. ಊರುಗೋಲು ಹಿಡಿಯುವವರಲ್ಲಿ, ಗಾಲಿಕುರ್ಚಿಯನ್ನು ಕೈಯಿಂದ ನೂಕಿಕೊಳ್ಳುವವರಲ್ಲಿ, ಥೈರಾಯ್ಡ್ ಕಡಿಮೆಯಿರುವವರಲ್ಲಿ, ಮಧುಮೇಹಿಗಳಲ್ಲಿ ಮತ್ತು ಗರ್ಭಿಣಿಯರಲ್ಲಿ ಈ ತೊಂದರೆ ಹೆಚ್ಚು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಕೈಮುಗಿಯುವಾಗ ಅಂಗೈಗಳು ಕೂಡುತ್ತವಲ್ಲ, ಅದಕ್ಕೆ ತಿರುಗಾಮುರುಗಾ ಮಾಡಿ, ಎರಡೂ ಅಂಗೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ ಬೆರಳುಗಳನ್ನು ಕೆಳಮುಖವಾಗಿಸಿ 60 ಸೆಕೆಂಡು ಹಿಡಿಯಿರಿ. ಅದೇ ಬೆರಳುಗಳಲ್ಲಿ ಅದೇ ಜೋಮು ಕಾಣಿಸಿಕೊಂಡರೆ ಸಂಶಯ ಬಲವಾಗುತ್ತದೆ. ಕಾಣಿಸದಿದ್ದರೆ ತೊಂದರೆಯಿಲ್ಲವೆಂದು ತೀರ್ಮಾನಿಸುವಂತಿಲ್ಲ.

ಪರಿಹಾರದ ಮೊದಲ ಮೆಟ್ಟಿಲು ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟ್. ಔಷಧದ ಅಂಗಡಿಗಳಲ್ಲಿ ಸಿಗುತ್ತದೆ, ರಾತ್ರಿ ಮಾತ್ರ ಕಟ್ಟಿಕೊಂಡರೆ ಸಾಕು, ಆದರೆ ಸುಮಾರು ಆರು ವಾರ ತಪ್ಪದೆ ಕಟ್ಟಬೇಕು. ಬಿಗಿಯಾಗಿ ಕಟ್ಟಿದರೆ ನರವನ್ನು ಇನ್ನಷ್ಟು ಒತ್ತಿದಂತಾಗುತ್ತದೆ. ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಸಡಿಲವಿರಲಿ. ನನಗೆ ಒಂಬತ್ತನೆಯ ರಾತ್ರಿ ಮೊದಲ ಬಾರಿಗೆ ಬೆಳಗಿನವರೆಗೆ ನಿದ್ರೆ ಹತ್ತಿತು. ಊರುಗೋಲಿನ ಹಿಡಿಯನ್ನೂ ಅಗಲವಾದದ್ದಕ್ಕೆ ಬದಲಿಸಿಕೊಂಡೆ. ಹಗಲಿನಲ್ಲೂ ಜೋಮು ಹೋಗದೆ ಉಳಿದರೆ, ಲೋಟ ಕೈಜಾರುತ್ತಿದ್ದರೆ, ಗುಂಡಿ ಹಾಕಲು ಆಗದಿದ್ದರೆ, ಹೆಬ್ಬೆರಳಿನ ಬುಡದ ಮಾಂಸದ ದಿಬ್ಬ ಸೊರಗಿ ಚಪ್ಪಟೆಯಾಗಿದ್ದರೆ ಆರು ವಾರ ಕಾಯಬಾರದು. ನರದ ವೇಗ ಅಳೆಯುವ ಪರೀಕ್ಷೆ ಮಾಡಿಸಿ, ಸ್ಟೀರಾಯ್ಡ್ ಚುಚ್ಚುಮದ್ದು ಅಥವಾ ಚಿಕ್ಕ ಶಸ್ತ್ರಚಿಕಿತ್ಸೆ ಬೇಕೇ ಎಂದು ತಜ್ಞರು ನಿರ್ಧರಿಸುತ್ತಾರೆ.

ಕಿರುಬೆರಳು ಮತ್ತು ಅದರ ಪಕ್ಕದ ಅರ್ಧ ಬೆರಳು

ಇದು ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ಅಲ್ನಾರ್ ನರದ ಪ್ರದೇಶ. ಕೈಯನ್ನು ತಲೆಯಡಿಗೆ ಮಡಚಿಟ್ಟು ಮಲಗುವವರಲ್ಲಿ ಇದು ಸಾಮಾನ್ಯ. ಒಂದು ಟವೆಲನ್ನು ಮೊಣಕೈಗೆ ಸಡಿಲವಾಗಿ ಸುತ್ತಿಕೊಂಡರೆ ಕೈ ಪೂರ್ತಿ ಮಡಚುವುದಿಲ್ಲ. ಎರಡು ವಾರ ಹೀಗೆ ಮಲಗಿ ನೋಡಿ. ಹಗಲಿನಲ್ಲಿ ಮೇಜಿನ ಅಂಚಿಗೆ ಮೊಣಕೈ ಊರುವ ಅಭ್ಯಾಸವನ್ನೂ ಬಿಡಬೇಕು.

ಕುತ್ತಿಗೆ ಬಗ್ಗಿಸಿದಾಗ ಬೆನ್ನಿನಗುಂಟ ಕರೆಂಟು ಹೊಡೆದಂತಾಗುವುದು ಬೇರೆಯೇ ಲಕ್ಷಣ. ಲೆರ್ಮಿಟ್ ಚಿಹ್ನೆ ಎನ್ನುವ ಇದು ಕುತ್ತಿಗೆಯ ಮಟ್ಟದಲ್ಲಿ ಮಿದುಳುಬಳ್ಳಿಗೆ ಎಂಎಸ್ ತಾಗಿದವರಲ್ಲಿ ಕಾಣುತ್ತದೆ, ಕತ್ತಿನ ಮೂಳೆ ಸವೆದವರಲ್ಲೂ ಕಾಣಬಹುದು. ಎತ್ತರದ ಎರಡು ದಿಂಬುಗಳ ಬದಲು ತೆಳುವಾದ ಒಂದನ್ನು ಬಳಸಿದರೆ ರಾತ್ರಿಯ ಕಾಟ ತಗ್ಗುತ್ತದೆ. ಹೊಸದಾಗಿ ಶುರುವಾಗಿದ್ದರೆ ನರರೋಗ ತಜ್ಞರಿಗೆ ಹೇಳಲೇಬೇಕು.

ತೊಡೆಯ ಹೊರಬದಿ, ಇಲ್ಲವೇ ಒಂದೇ ಪಾದದ ಮೇಲ್ಭಾಗ

ತೊಡೆಯ ಹೊರಬದಿಯಲ್ಲಿ ಅಂಗೈಯಗಲದ ಜಾಗ ಮಾತ್ರ ಉರಿದು ಮರಗಟ್ಟುತ್ತಿದ್ದರೆ ಸೊಂಟವನ್ನು ನೋಡಿಕೊಳ್ಳಿ. ಸೀರೆಯೊಳಗಿನ ಲಂಗದ ಲಾಡಿ, ಬಿಗಿಯಾದ ಬೆಲ್ಟು, ಮೈಗೆ ಅಂಟಿದ ಜೀನ್ಸ್, ಇವು ತೊಡೆಸಂದಿಯ ಬಳಿ ಚರ್ಮದ ನರವೊಂದನ್ನು ಒತ್ತುತ್ತವೆ. ತೂಕ ಹೆಚ್ಚಾದವರಲ್ಲೂ ಇದು ಕಾಣುತ್ತದೆ. ಲಾಡಿ ಸಡಿಲಿಸಿದ ಕೆಲವು ವಾರಗಳಲ್ಲಿ ತಾನಾಗಿ ಕಡಿಮೆಯಾಗುವುದುಂಟು.

ಒಂದೇ ಪಾದದ ಮೇಲ್ಭಾಗ ಮತ್ತು ಮೊಳಕಾಲಿನ ಕೆಳಗಿನ ಹೊರಬದಿ ಜೋಮು ಹಿಡಿದರೆ, ಮಂಡಿಯ ಹೊರಬದಿಯಲ್ಲಿ ಚರ್ಮದ ಅಡಿಯಲ್ಲೇ ಹಾದುಹೋಗುವ ಪೆರೋನಿಯಲ್ ನರ ಒತ್ತಿರಬಹುದು. ಚಕ್ಕಳಮಕ್ಕಳ ಹಾಕಿ, ಕುಕ್ಕರುಗಾಲಿನಲ್ಲಿ, ಕಾಲ ಮೇಲೆ ಕಾಲು ಹಾಕಿ ಬಹಳ ಹೊತ್ತು ಕೂರುವುದು ಕಾರಣ. ಮಗ್ಗುಲಾಗಿ ಮಲಗುವವರು ಮಂಡಿಗಳ ನಡುವೆ ದಿಂಬಿಟ್ಟುಕೊಳ್ಳಲಿ. ಪಾದವನ್ನು ಮೇಲೆತ್ತಲು ಆಗದೆ ಚಪ್ಪಲಿ ನೆಲಕ್ಕೆ ಉಜ್ಜುತ್ತಿದ್ದರೆ ತಡಮಾಡದೆ ತೋರಿಸಬೇಕು.

ಎರಡೂ ಅಂಗಾಲುಗಳಲ್ಲಿ ಉರಿ, ಹತ್ತಿಯ ಮೇಲೆ ನಡೆದಂತೆ

ಇಲ್ಲಿ ನಿಜವಾದ ಗೊಂದಲವಿದೆ, ಏಕೆಂದರೆ ಎಂಎಸ್ ಕೂಡ ಎರಡೂ ಕಾಲುಗಳಲ್ಲಿ ರಾತ್ರಿಯ ಉರಿಯನ್ನು ತರುತ್ತದೆ. ಆದರೂ ಮೊದಲು ಒಂದು ರಕ್ತಪರೀಕ್ಷೆಯಿಂದ ಪತ್ತೆಯಾಗುವ ಕಾರಣಗಳನ್ನು ಬದಿಗೆ ಸರಿಸಬೇಕು. ಮಧುಮೇಹ ಅವುಗಳಲ್ಲಿ ಮುಖ್ಯವಾದದ್ದು. ಎರಡನೆಯದು ವಿಟಮಿನ್ ಬಿ12 ಕೊರತೆ, ಮತ್ತು ನಮ್ಮ ಕಡೆಯ ಓದುಗರು ಇದರ ಮೇಲೆ ಹೆಚ್ಚು ಗಮನವಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಈ ವಿಟಮಿನ್ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಂಥ ಪ್ರಾಣಿಮೂಲದ ಆಹಾರದಲ್ಲಿ ಮಾತ್ರ ಸಹಜವಾಗಿ ಸಾಕಷ್ಟು ಸಿಗುವುದರಿಂದ, ಹಾಲು ಮೊಸರು ಕಡಿಮೆ ಬಳಸುವ ಸಸ್ಯಾಹಾರಿಗಳಲ್ಲಿ ಕೊರತೆ ಸಾಮಾನ್ಯ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮತ್ತು ಹೊಟ್ಟೆಯ ಆಮ್ಲ ತಗ್ಗಿಸಲು ವರ್ಷಗಟ್ಟಲೆ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳೂ ಅದನ್ನು ತಗ್ಗಿಸುತ್ತವೆ. ಬಿ12 ಇಲ್ಲದೆ ಮಯಲಿನ್ ಪೊರೆ ಸರಿಯಾಗಿ ಉಳಿಯುವುದಿಲ್ಲ, ಆದ್ದರಿಂದ ಈ ಕೊರತೆಯು ಎಂಎಸ್‌ನಂತೆಯೇ ಮಿದುಳುಬಳ್ಳಿಯನ್ನು ಕೆಡಿಸಬಲ್ಲದು, ಎಂಎಸ್ ಇದ್ದವರಲ್ಲಿ ಅದರ ಬೆನ್ನಿಗೆ ಅಡಗಿಕೊಂಡೂ ಇರಬಲ್ಲದು. ಬೇಗ ಗೊತ್ತಾದರೆ ಚುಚ್ಚುಮದ್ದಿನಿಂದಲೋ ಮಾತ್ರೆಯಿಂದಲೋ ಸರಿಪಡಿಸಬಹುದು. ತಡವಾದರೆ ಹಾನಿ ಉಳಿದುಬಿಡುತ್ತದೆ.

ಪರೀಕ್ಷೆ ಮಾಡಿಸದೆ “ನರಕ್ಕೆ ಒಳ್ಳೆಯದು” ಎಂದು ಅಂಗಡಿಯಿಂದ ಎರಡು ಮೂರು ಬಗೆಯ ಮಾತ್ರೆ ತಂದು ನುಂಗುವುದು ಅಪಾಯ. ಅವುಗಳಲ್ಲಿ ಅನೇಕವು ಬಿ6 ವಿಟಮಿನ್ನನ್ನೂ ಸೇರಿಸಿಕೊಂಡಿರುತ್ತವೆ, ಬಿ6 ಅತಿಯಾದರೆ ಅದೇ ನರಗಳನ್ನು ಕೆಡಿಸಿ ಜೋಮು ತರುತ್ತದೆ. ಬಿ12 ಕೊರತೆಯಿರುವಾಗ ಫೋಲಿಕ್ ಆಮ್ಲವನ್ನಷ್ಟೇ ತೆಗೆದುಕೊಂಡರೆ ರಕ್ತಹೀನತೆ ಸುಧಾರಿಸಿದಂತೆ ಕಂಡು ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಕೂದಲು ಉದುರದಿರಲೆಂದು ಬಯೋಟಿನ್ ತೆಗೆದುಕೊಳ್ಳುವವರು ರಕ್ತ ಕೊಡುವ ಮುನ್ನ ಹೇಳಬೇಕು, ಅದು ಥೈರಾಯ್ಡ್ ಸೇರಿದಂತೆ ಕೆಲವು ಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿ ತೋರಿಸಬಹುದು.

ಚರ್ಮದ ಮೇಲೆ ಮಸುಕಾದ ಮಚ್ಚೆಯಿದ್ದು ಅಲ್ಲಿ ಸ್ಪರ್ಶ ತಿಳಿಯದಿದ್ದರೆ ಕುಷ್ಠರೋಗದ ತಪಾಸಣೆ ಮಾಡಿಸಬೇಕು. ಅದಕ್ಕೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆಯಿದೆ, ಮುಚ್ಚಿಡುವ ಕಾರಣವಿಲ್ಲ.

ಇವೆಲ್ಲ ಸರಿಯಿದ್ದರೂ ಉರಿ ನಿಲ್ಲದಿದ್ದರೆ ಎಂಎಸ್‌ನ ನರನೋವೆಂದು ಪರಿಗಣಿಸಿ ವೈದ್ಯರು ಗಾಬಾಪೆಂಟಿನ್, ಪ್ರಿಗಾಬಲಿನ್, ಡುಲೋಕ್ಸೆಟಿನ್ ಅಥವಾ ಅಮಿಟ್ರಿಪ್ಟಿಲಿನ್ ಕೊಡುತ್ತಾರೆ. ಇವು ಉರಿಯನ್ನೂ ಚುಚ್ಚುನೋವನ್ನೂ ತಗ್ಗಿಸುತ್ತವೆಯೇ ಹೊರತು ಮರಗಟ್ಟಿದ ಜಾಗಕ್ಕೆ ಸ್ಪರ್ಶವನ್ನು ಮರಳಿ ತರುವುದಿಲ್ಲ. ಇದನ್ನು ಮೊದಲೇ ತಿಳಿದಿದ್ದರೆ ಮಾತ್ರೆ ಹೆಚ್ಚಿಸಿಕೊಳ್ಳುತ್ತ ಹೋಗುವ ತಪ್ಪನ್ನು ನಾನು ಮಾಡುತ್ತಿರಲಿಲ್ಲ.

ಪಾದದಲ್ಲಿ ಸ್ಪರ್ಶ ಕಡಿಮೆಯಿರುವವರು ಬಿಸಿನೀರಿನ ಚೀಲವನ್ನಾಗಲಿ, ವಿದ್ಯುತ್ ಶಾಖದ ಪಟ್ಟಿಯನ್ನಾಗಲಿ ಹಾಸಿಗೆಗೆ ತರಬಾರದು. ಬಚ್ಚಲ ಹಂಡೆಯ ನೀರನ್ನು ಮೊಣಕೈಯಿಂದ ಮುಟ್ಟಿ ನೋಡಿ, ಅಲ್ಲೂ ಅನುಮಾನವಿದ್ದರೆ ಮನೆಯವರಿಂದ ನೋಡಿಸಿ. ಮಲಗುವ ಮುನ್ನ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದು ಒಂದು ನಿಮಿಷದ ಕೆಲಸ.

ಕಾಲನ್ನು ಸುಮ್ಮನೆ ಇಡಲಾಗದ ಚಡಪಡಿಕೆ

ಜೋಮು ಎಂದು ಹೇಳುವವರಲ್ಲಿ ಕೆಲವರಿಗೆ ಇರುವುದು ಜೋಮಲ್ಲ. ಮಲಗಿದೊಡನೆ ಮೀನಖಂಡದೊಳಗೆ ಏನೋ ಹರಿದಾಡಿದಂತಾಗಿ ಕಾಲಾಡಿಸಲೇಬೇಕೆನಿಸುವುದು, ಎದ್ದು ಓಡಾಡಿದರೆ ಶಮನವಾಗುವುದು, ಸಂಜೆಯ ನಂತರವೇ ಹೆಚ್ಚಾಗುವುದು, ಇವೆಲ್ಲ ಕೂಡಿದರೆ ಅದನ್ನು ರೆಸ್ಟ್‌ಲೆಸ್ ಲೆಗ್ಸ್ ಎನ್ನುತ್ತಾರೆ. ಎಂಎಸ್ ಇರುವವರಲ್ಲಿ ಇತರರಿಗಿಂತ ಇದು ಹೆಚ್ಚು.

ಸಂಜೆಯ ಕಾಫಿಯನ್ನು ಬಿಟ್ಟು ನೋಡುವುದು ಮೊದಲ ಹೆಜ್ಜೆ. ಕೆಫೀನ್‌ನ ಅರ್ಧದಷ್ಟು ದೇಹದಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಎರಡನೆಯದು ಮಾತ್ರೆಗಳ ಪಟ್ಟಿ: ನಿದ್ರೆ ಬರಿಸುವ ನೆಗಡಿ ಮಾತ್ರೆಗಳು, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಖಿನ್ನತೆಗೆ ಕೊಡುವ ಹಲವು ಔಷಧಗಳು ಇದನ್ನು ಕೆರಳಿಸುತ್ತವೆ. ನಿದ್ರೆಗೆಂದೇ ಕೊಟ್ಟ ಅಮಿಟ್ರಿಪ್ಟಿಲಿನ್ ಕೂಡ ಆ ಸಾಲಿನಲ್ಲಿದೆ.

ಮೂರನೆಯದು ರಕ್ತದ ಫೆರಿಟಿನ್ ಪರೀಕ್ಷೆ. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಕಾಲಿನ ಚಡಪಡಿಕೆ ಇರುವವರಲ್ಲಿ ಫೆರಿಟಿನ್ ಪ್ರತಿ ಮಿಲಿಲೀಟರಿಗೆ 75 ನ್ಯಾನೊಗ್ರಾಂ ಅಥವಾ ಅದಕ್ಕಿಂತ ಕೆಳಗಿದ್ದರೆ ಕಬ್ಬಿಣಾಂಶ ಕೊಡುವುದನ್ನು ವೈದ್ಯರು ಪರಿಗಣಿಸುತ್ತಾರೆ, ಆದರೆ ಪ್ರಯೋಗಾಲಯದ ವರದಿ ಇದಕ್ಕಿಂತ ತುಂಬ ಕಡಿಮೆ ಅಂಕಿಯನ್ನೂ “ನಾರ್ಮಲ್” ಎಂದೇ ತೋರಿಸುತ್ತದೆ. ಆದ್ದರಿಂದ ಅಂಕಿಯನ್ನೇ ತೋರಿಸಿ ಕೇಳಿ. ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆ ಶುರುಮಾಡಬೇಡಿ, ಶುರುಮಾಡಿದ ಮೇಲೆ ಕಾಫಿ ಟೀ ಜೊತೆಗೆ ನುಂಗಬೇಡಿ.

ಮೀನಖಂಡ ಕಲ್ಲಾಗುವ ಸೆಳೆತ, ಕಾಲು ತಾನಾಗಿ ಒದೆಯುವುದು

ಇದು ಎಂಎಸ್‌ನ ಬಿಗಿತವಿರಬಹುದು. ಮಲಗುವ ಮುನ್ನ ಗೋಡೆಗೆ ಕೈಯೂರಿ ಹಿಮ್ಮಡಿಯನ್ನು ನೆಲಕ್ಕೊತ್ತಿ ಮೀನಖಂಡವನ್ನು ಅರ್ಧ ನಿಮಿಷ ಹಿಗ್ಗಿಸುವುದು ಬಹಳ ಜನರಿಗೆ ನೆರವಾಗುತ್ತದೆ. ಸಮತೋಲನ ಸಾಲದವರು ಮಂಚದ ಮೇಲೆ ಕುಳಿತು ಟವೆಲನ್ನು ಪಾದಕ್ಕೆ ಸುತ್ತಿ ಎಳೆಯಲಿ. ಇದ್ದಕ್ಕಿದ್ದಂತೆ ಬಿಗಿತ ಹೆಚ್ಚಾದರೆ ಅದನ್ನು ಕೆರಳಿಸಿದ್ದೇನೆಂದು ಹುಡುಕಬೇಕು: ಮೂತ್ರಸೋಂಕು, ಮಲಬದ್ಧತೆ, ಒಳಗೆ ಬೆಳೆದ ಉಗುರು, ಚರ್ಮದ ಹುಣ್ಣು. ಸ್ಪರ್ಶ ಕಡಿಮೆಯಿರುವ ಕಾಲಿನಲ್ಲಿ ನೋವು ತಿಳಿಯದೆ ಬಿಗಿತವೊಂದೇ ಕಾಣಿಸಿಕೊಳ್ಳುವುದುಂಟು.

ಬಿಗಿತಕ್ಕೆ ಕೊಡುವ ಬ್ಯಾಕ್ಲೊಫೆನ್ ತೆಗೆದುಕೊಳ್ಳುವವರು ಅದನ್ನು ಎಂದಿಗೂ ಒಮ್ಮೆಲೇ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದರೆ ಅಪಸ್ಮಾರ, ಭ್ರಮೆ, ವಿಪರೀತ ಬಿಗಿತ ಬರಬಹುದು. ಊರಿಗೆ ಹೋಗುವಾಗ ಎಣಿಸಿ, ನಾಲ್ಕು ದಿನಕ್ಕೆ ಹೆಚ್ಚಾಗುವಷ್ಟು ಇಟ್ಟುಕೊಳ್ಳಿ.

ಮೂತ್ರಕ್ಕಾಗಿ ಮೂರು ನಾಲ್ಕು ಸಲ ಎಚ್ಚರ

ರಾತ್ರಿ ಏಳಬಾರದೆಂದು ದಿನವಿಡೀ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ಅದರಿಂದ ಮೂತ್ರಸೋಂಕೂ ಮಲಬದ್ಧತೆಯೂ ಬಂದು ಸ್ಥಿತಿ ಹದಗೆಡುತ್ತದೆ. ನೀರನ್ನು ಸಂಜೆಯೊಳಗೆ ಕುಡಿದು ಮುಗಿಸಿ, ಕಾಲು ಊದುವವರು ಸಂಜೆ ಒಂದು ಗಂಟೆ ಕಾಲನ್ನು ಎತ್ತರದಲ್ಲಿಟ್ಟು ಕೂತರೆ ಆ ನೀರು ಮಲಗುವ ಮೊದಲೇ ಹೊರಹೋಗುತ್ತದೆ. ಸಾಲದಿದ್ದರೆ ಮೂತ್ರಪರೀಕ್ಷೆಯನ್ನೂ, ಮೂತ್ರ ಮಾಡಿದ ಮೇಲೆ ಮೂತ್ರಕೋಶದಲ್ಲಿ ಎಷ್ಟು ಉಳಿಯುತ್ತದೆಂದು ನೋಡುವ ಸ್ಕ್ಯಾನನ್ನೂ ಮಾಡಿಸಿದ ಮೇಲೆಯೇ ಔಷಧದ ಮಾತು. ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿದೀಪವಿರಲಿ.

ಹಳೆಯ ಜೋಮು ಮತ್ತೆ ಮರುಕಳಿಸಿದಾಗ

ಎಣ್ಣೆ ಹಚ್ಚಿ ಸುಡುವ ನೀರಿನಲ್ಲಿ ಅಭ್ಯಂಜನ ಮಾಡಿದ ರಾತ್ರಿ, ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ ಕರೆಂಟು ಹೋದ ರಾತ್ರಿ, ಸಣ್ಣ ಜ್ವರ ಬಂದ ರಾತ್ರಿ ವರ್ಷಗಳ ಹಿಂದಿನ ಜೋಮು ಅದೇ ಜಾಗದಲ್ಲಿ ಮರಳಿ ಬರುವುದುಂಟು. ಮೈಶಾಖ ಏರಿದಾಗ ಪೊರೆ ಕಳೆದುಕೊಂಡ ನರಗಳು ಸಂದೇಶವನ್ನು ಇನ್ನಷ್ಟು ಕೆಟ್ಟದಾಗಿ ಸಾಗಿಸುತ್ತವೆ. ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ ಇದನ್ನು 1890ರಲ್ಲಿ ಗುರುತಿಸಿದ್ದರು. ಉಗುರುಬೆಚ್ಚಗಿನ ಸ್ನಾನ, ಒದ್ದೆ ಬಟ್ಟೆ, ಫ್ಯಾನು, ತಣ್ಣೀರು, ಇವುಗಳಿಂದ ಮೈ ತಣಿದೊಡನೆ ಅದು ಇಳಿಯುತ್ತದೆ, ಹೊಸ ಹಾನಿಯೇನೂ ಆಗಿರುವುದಿಲ್ಲ.

ಹೊಸ ಜಾಗದಲ್ಲಿ ಶುರುವಾಗಿ, ಜ್ವರವಾಗಲಿ ಸೋಂಕಾಗಲಿ ಇಲ್ಲದೆ, 24 ಗಂಟೆಗಿಂತ ಹೆಚ್ಚು ಕಾಲ ಬಿಡದೆ ಉಳಿದ ಲಕ್ಷಣವನ್ನು ಮರುಕಳಿಕೆಯೆಂದು, ಅಂದರೆ ಕಾಯಿಲೆಯ ಹೊಸ ದಾಳಿಯೆಂದು, ಶಂಕಿಸಿ ನರರೋಗ ತಜ್ಞರನ್ನು ಕಾಣಬೇಕು. ಅದಕ್ಕೆ ಸ್ಟೀರಾಯ್ಡ್ ಕೊಡುವ ಮೊದಲು, ಸೋಂಕಿದೆಯೇ ಎಂದು ನೋಡುವ ಮೂತ್ರಪರೀಕ್ಷೆ ಆಗಿದೆಯೇ ಎಂದು ಕೇಳುವುದು ರೋಗಿಯ ಹಕ್ಕು.

ಜೋಮಿಲ್ಲ, ಆದರೂ ನಿದ್ರೆಯಿಲ್ಲ

ಮಾತ್ರೆಯ ವೇಳೆಯನ್ನು ಮೊದಲು ನೋಡಿ. ಸ್ಟೀರಾಯ್ಡನ್ನು ಬೆಳಿಗ್ಗೆಯೇ ತೆಗೆದುಕೊಳ್ಳಬೇಕು. ದಣಿವಿಗೆ ಕೊಡುವ ಮೊಡಾಫಿನಿಲ್ ಮತ್ತು ಅಮಾಂಟಡಿನ್ ಮಧ್ಯಾಹ್ನದ ನಂತರ ಹೊಟ್ಟೆಗೆ ಹೋದರೆ ರಾತ್ರಿ ಕೆಡುತ್ತದೆ. ಜೋರು ಗೊರಕೆ, ಉಸಿರುಗಟ್ಟಿ ಏಳುವುದು, ಬೆಳಗಿನ ತಲೆನೋವು ಇದ್ದರೆ ನಿದ್ರೆಯಲ್ಲಿ ಉಸಿರು ನಿಲ್ಲುವ ತೊಂದರೆಗಾಗಿ ಪರೀಕ್ಷೆ ಬೇಕು, ಅದಾಗುವವರೆಗೆ ನಿದ್ರೆಮಾತ್ರೆ ಬೇಡ. ಗಾಬಾಪೆಂಟಿನ್, ಪ್ರಿಗಾಬಲಿನ್, ಬ್ಯಾಕ್ಲೊಫೆನ್‌ಗಳ ಜೊತೆಗೆ ಮದ್ಯ ಸೇರಿದರೆ ಉಸಿರಾಟವೇ ಕುಗ್ಗಬಹುದು.

ಇಪ್ಪತ್ತು ನಿಮಿಷವಾದರೂ ನಿದ್ರೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗಲೇ ಮರಳಿ ಮಲಗಿ, ಬೆಳಿಗ್ಗೆ ಮಾತ್ರ ದಿನವೂ ಒಂದೇ ಹೊತ್ತಿಗೆ ಏಳಬೇಕು. ಬದುಕು ಬೇಡವೆನ್ನಿಸುವಷ್ಟು ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್‌ನ 14416 ಸಂಖ್ಯೆಗೆ ರಾತ್ರಿಯಲ್ಲೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು, ಶುಲ್ಕವಿಲ್ಲ. ಖಿನ್ನತೆ ಎಂಎಸ್‌ನಲ್ಲಿ ತುಂಬ ಸಾಮಾನ್ಯ, ಅದಕ್ಕೂ ಚಿಕಿತ್ಸೆಯಿದೆ.

ವೈದ್ಯರ ಬಳಿ ಹೋಗುವಾಗ

ಏಳು ರಾತ್ರಿಗಳ ಹಾಳೆ, ಬಿ12, ಫೆರಿಟಿನ್, ಥೈರಾಯ್ಡ್ ಮತ್ತು ಸಕ್ಕರೆಯ ಅಂಕಿಗಳು, ಅಂಗಡಿಯಿಂದ ತಾವಾಗಿ ತಂದ ಮಾತ್ರೆಗಳೂ ಸೇರಿದಂತೆ ಎಲ್ಲ ಔಷಧಗಳನ್ನು ಒಂದೇ ಚೀಲದಲ್ಲಿ ಒಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಗಿನಿಂದ ಕಾದು ಒಳಗೆ ಹೋದಾಗ ಮಾತನಾಡಲು ಸಿಗುವುದು ಕೆಲವೇ ನಿಮಿಷ. ಆಗ “ರಾತ್ರಿ ಕೈ ಜೋಮು” ಎಂದು ಶುರುಮಾಡುವುದಕ್ಕಿಂತ, ಗೀಚಿದ ಹಾಳೆಯನ್ನು ಮೇಜಿನ ಮೇಲಿಟ್ಟು “ಈ ಮೂರು ಬೆರಳು, ರಾತ್ರಿ ಮೂರಕ್ಕೆ, ಕೊಡವಿದರೆ ಎರಡು ನಿಮಿಷದಲ್ಲಿ ಹೋಗುತ್ತದೆ” ಎಂದು ಹೇಳಿ.